ಸೊನ್ನೆ ಬಂದ ಮನೆ

ನಿಮ್ಮ ಅಡುಗೆಮನೆಯ ಮೇಜಿನಿಂದ,
ಗುರುವಾರ, ಹದಿನೆಂಟನೇ ತಾರೀಖು, ಮಧ್ಯಾಹ್ನ

ನನ್ನ ಮುದ್ದಿನ ಅತ್ತೆಗೆ,

(ಮುದ್ದಿನ ಅಂತ ಬರೆಯಬಾರದಂತೆ, ಹಿರಿಯರಿಗೆ ಪೂಜ್ಯ ಅಂತಲೇ ಬರೆಯಬೇಕಂತೆ, ನಿಮ್ಮ ಮಗ ಹೇಳಿದರು. ಪೂಜ್ಯ ಅಂದರೆ ನನಗೆ ಗೋಡೆಗೆ ಹಾಕಿದ ಫೋಟೋ ನೆನಪಾಗುತ್ತದೆ. ನೀವು ಮುದ್ದಿನವರೇ.)

ಹೇಗಿದ್ದೀರಿ? ಮಂಡಿ ನೋವು ಕಡಿಮೆಯಾಯಿತೇ? ಅಲ್ಲಿ ಮೆಟ್ಟಿಲು ಜಾಸ್ತಿ ಅಂದಿದ್ದಿರಿ, ದಯವಿಟ್ಟು ದಿನಕ್ಕೆ ಒಂದೇ ಸಲ ಇಳಿಯಿರಿ. ನಾದಿನಿಯ ಹೊಲಿಗೆ ಒಣಗಿತೇ? ಪಾಪು ಈಗಲೂ ಮುಷ್ಟಿ ಬಿಗಿಹಿಡಿದೇ ಮಲಗುತ್ತದೆಯೇ? ನೀವು ಕಳಿಸಿದ ಫೋಟೋ ನೋಡಿ ಅಡುಗೆಮನೆಯಲ್ಲೇ ಕುಣಿದುಬಿಟ್ಟೆ, ಅಷ್ಟರಲ್ಲಿ ಹಾಲು ಉಕ್ಕಿ ಒಲೆಯೆಲ್ಲಾ ರಂಪ. ನಿಮ್ಮ ಒಲೆ! ಉಜ್ಜಿ ಉಜ್ಜಿ ಹೊಳೆಯುವಂತೆ ಮಾಡಿದ್ದೇನೆ, ಬಂದಾಗ ನೋಡಿ. ನಾವಿಬ್ಬರೂ ಚೆನ್ನಾಗಿದ್ದೇವೆ. ಬರೆಯಲು ನಾಚಿಕೆಯಾಗುವಷ್ಟು ಚೆನ್ನಾಗಿದ್ದೇವೆ. ಮದುವೆಯಾಗಿ ನಾಲ್ಕು ತಿಂಗಳಾದರೂ ಸಂಜೆ ಇವರು ಬಾಗಿಲು ತಟ್ಟಿದರೆ ನನ್ನ ಎದೆ ಡವಡವ ಅನ್ನುತ್ತದೆ. ಮೊನ್ನೆ ಪರದೆ ಕಟ್ಟಲು ಹೋಗಿ ಮೊಳೆಯ ಬದಲು ಹೆಬ್ಬೆರಳಿಗೆ ಹೊಡೆದುಕೊಂಡರು. ‘ನೀನು ಸ್ವಲ್ಪ ಹೊತ್ತು ಬಾಯಿ ಮುಚ್ಚಿದ್ರೆ ನಾನು ನೆಟ್ಟಗೆ ಹೊಡೀತಿದ್ದೆ’ ಅಂತ ತಪ್ಪೆಲ್ಲಾ ನನ್ನ ತಲೆಗೇ ಕಟ್ಟಿದರು. ಉಗುರು ಕಪ್ಪಾಗಿದೆ, ಗಾಬರಿಯಾಗಬೇಡಿ.

ಮೊನ್ನೆ ತಾನೇ ಫೋನಿನಲ್ಲಿ ಅರ್ಧ ಗಂಟೆ ಹರಟಿದವಳು ಈಗ ಪತ್ರ ಯಾಕೆ ಬರೆಯುತ್ತಿದ್ದಾಳೆ ಅಂತ ನಿಮಗೆ ಅನುಮಾನ ಬಂದಿರಬೇಕು. ಫೋನಿನಲ್ಲಿ ನಾನು ಸುಳ್ಳು ಹೇಳುತ್ತೇನೆ ಅತ್ತೆ. ಸಲೀಸಾಗಿ ಹೇಳುತ್ತೇನೆ. ಮಾತು ಓಡುತ್ತಿರುವಾಗ ಬೇಡದ ಸಂಗತಿಯ ಪಕ್ಕದಲ್ಲೇ ನಗುತ್ತಾ ದಾಟಿಬಿಡಬಹುದು. ಕಾಗದದ ಮೇಲೆ ನನಗೆ ಆ ವೇಗ ಇಲ್ಲ. ಶಾಲೆಯಿಡೀ ಇಂಗ್ಲಿಷಿನಲ್ಲಿ ಓದಿದವಳು, ನಮ್ಮ ಅಕ್ಷರ ಒಂದೊಂದಾಗಿ ಕೂಡಿಸಿಕೊಂಡು ಓದುತ್ತೇನೆ, ಅದಕ್ಕಿಂತ ನಿಧಾನವಾಗಿ ಬರೆಯುತ್ತೇನೆ. ಇದನ್ನು ಮೂರು ದಿನದಿಂದ ಬರೆಯುತ್ತಿದ್ದೇನೆ, ಎರಡು ಸಲ ಹರಿದಿದ್ದೇನೆ. ಇವರು ಕೆಲಸಕ್ಕೆ ಹೋದ ಮೇಲೆ ಕೂತರೆ ಬರುವ ಹೊತ್ತಿಗೆ ಒಂದು ಪುಟ.

ವಿಷಯ ಇಸ್ತ್ರಿ ಹುಡುಗಿಯದು. ನೀವು ನನಗೆ ಒಪ್ಪಿಸಿ ಹೋದ ಒಂಬತ್ತು ಮನೆಗಳಲ್ಲಿ ಏಳನೆಯದು, ಹಾರ್ಡ್‌ವೇರ್ ಅಂಗಡಿಯ ಮೇಲಿನ ಒಂದೇ ಕೋಣೆಯ ಮನೆ. ಹೊಟ್ಟೆ ಮೇಜಿಗೆ ತಾಗುತ್ತದೆ ಅಂತ ಪಕ್ಕಕ್ಕೆ ತಿರುಗಿ ನಿಂತು ಎಂಟು ತಿಂಗಳು ತುಂಬುವವರೆಗೂ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳಲ್ಲ, ಅವಳು. ಬಸುರಿಯಿದ್ದಾಗ ನೀವು ನಾಲ್ಕು ಸಲ ಹೋಗಿದ್ದಿರಿ. ಹೆರಿಗೆಯಾದದ್ದು ನೀವು ನಾದಿನಿಯ ಬಾಣಂತನಕ್ಕೆ ಹೊರಟು ಹೋದ ಮೇಲೆ. ಹೆಣ್ಣು ಮಗು.

ಹೊರಡುವ ಹಿಂದಿನ ದಿನ ಚೀಲ ಕೊಟ್ಟು ನೀವು ಹೇಳಿದ್ದು ನನಗೆ ಪ್ರತಿ ಮಾತೂ ನೆನಪಿದೆ. ಹದಿನಾರು ವರ್ಷ ಸಂಘದ ಪರವಾಗಿ ಒಂದು ಪೈಸೆ ಸಂಬಳವಿಲ್ಲದೆ ಬಡ ಬಸುರಿಯರ, ಬಾಣಂತಿಯರ ಮನೆ ಮೆಟ್ಟಿಲು ಹತ್ತಿದವರು ನೀವು, ನಾನು ಕೇಳಿಸಿಕೊಳ್ಳುತ್ತಾ ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದೆ. ‘ನೋಡು ಹುಡುಗಿ, ನಾವು ಪೊಲೀಸ್ ಅಲ್ಲ, ಡಾಕ್ಟರೂ ಅಲ್ಲ. ಬಾ ಅಂದ್ರೆ ಹೋಗ್ತೀವಿ, ಬೇಡ ಅಂದ್ರೆ ವಾಪಸ್ ಬರ್ತೀವಿ. ಮೊದಲನೇ ಸಲ ಚೀಲದಿಂದ ಕಾಗದ ತೆಗೀಬೇಡ. ಕೂಸಿನ ಬಟ್ಟೆ ಮಡಚಿಕೊಡು, ಅಷ್ಟೇ. ಪ್ರಶ್ನೆ ಕೇಳೋದು ಮೂರನೇ ಸಲ. ಅವತ್ತು ಮೆಟ್ಟಿಲು ಹತ್ತೋಕೆ ಮುಂಚೇನೇ ಗಂಡಸನ್ನ ಹೊರಗೆ ಕಳಿಸೋಕೆ ಒಂದು ಕೆಲಸ ಯೋಚನೆ ಮಾಡ್ಕೊಂಡಿರು.’ ಎಂಥ ಕೆಲಸ ಅತ್ತೆ ಅಂದದ್ದಕ್ಕೆ, ‘ನಿಂಬೆಹಣ್ಣು ತರೋಕೆ ಕಳಿಸು. ಎರಡು ನಿಂಬೆಹಣ್ಣು ಆರಿಸೋಕೆ ಗಂಡಸರಿಗೆ ಇಪ್ಪತ್ತು ನಿಮಿಷ ಬೇಕು’ ಅಂದಿರಿ. ನಾನು ಬಿದ್ದು ಬಿದ್ದು ನಕ್ಕೆ. ಸಂಜೆ ನಿಮ್ಮ ಮಗನಿಗೂ ಹೇಳಿ ನಗಿಸಿದೆ. ನಕ್ಕಿದ್ದೊಂದೇ ಬಂತು.

ಮಗುವಿಗೆ ಮೂರು ವಾರವಾಗಿದ್ದಾಗ ಹೋದೆ. ಗಂಡನೇ ಬಾಗಿಲು ತೆರೆದ, ಅವನಿಗೆ ಅಂದು ರಜೆ. ಲಿಫ್ಟ್ ರಿಪೇರಿಯವನು. ಎಂಥ ಮರ್ಯಾದೆ ಅಂತೀರಿ! ಕುರ್ಚಿ ಒರೆಸಿ ಕೊಟ್ಟ, ಫ್ಯಾನನ್ನು ನನ್ನ ಕಡೆ ತಿರುಗಿಸಿದ, ಟೀ ತಾನೇ ಮಾಡಿದ. ಕೋಣೆ ಕನ್ನಡಿ ಹಾಗಿತ್ತು. ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿದ್ದ, ಸ್ಕೇಲಿಟ್ಟು ಗೆರೆ ಎಳೆದು ಮನೆ ಮನೆ ಮಾಡಿದ್ದು: ಎಷ್ಟು ಗಂಟೆಗೆ ಹಾಲು, ಎಡವೋ ಬಲವೋ, ಎಷ್ಟು ನಿಮಿಷ, ಬಟ್ಟೆ ಎಷ್ಟು ಸಲ ಒದ್ದೆ. ಎರಡು ಗಂಟೆಗೊಂದು ಸಾಲು, ಇಪ್ಪತ್ತನಾಲ್ಕು ಗಂಟೆಯೂ, ಒಂದು ಮನೆಯೂ ಖಾಲಿಯಿಲ್ಲ. ಅಬ್ಬಾ, ಇದನ್ನೆಲ್ಲಾ ನೀವೇ ಬರೀತೀರಾ ಅಂದೆ. ‘ಮೆಷಿನ್ ಇರ್ಲಿ ಮಗು ಇರ್ಲಿ ಮೇಡಂ, ಟೈಮ್ ಟೈಮಿಗೆ ನೋಡ್ಕೊಂಡ್ರೆ ಕೆಡಲ್ಲ’ ಅಂದ. ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಅಂತ ಅವಳಿಗೆ ಅವನೆದುರಿಗೇ ಹೇಳಿದೆ, ಅತ್ತೆ. ನನ್ನ ಬಾಯಿಯಿಂದಲೇ.

ಆಮೇಲೆ ಫಾರಂ ತೆಗೆದೆ. ಮೊದಲ ಸಲವೇ. ಒಂಬತ್ತೂ ಮನೆಯ ಫಾರಂ ಶುಕ್ರವಾರದೊಳಗೆ ಫೈಲಕ್ಕನ ಮೇಜಿನ ಮೇಲಿಟ್ಟು ಭೇಷ್ ಅನ್ನಿಸಿಕೊಳ್ಳಬೇಕಿತ್ತು ನನಗೆ. (ಸಂಘದ ಕಾರ್ಯದರ್ಶಿಗೆ ನೀವಿಟ್ಟ ಹೆಸರು ನನ್ನ ಬಾಯಿಗೆ ಹತ್ತಿಬಿಟ್ಟಿದೆ, ಒಂದು ದಿನ ಎದುರಿಗೇ ಕರೆಯುತ್ತೇನೆ.) ಬೇರೆ ಮನೆಗಳಿಗೆ, ಬಾಣಂತಿಯ ಮನಸ್ಸು ಹೇಗಿದೆ ಅಂತ ತಿಳಿಯಲು ಕೇಳುವ ಆ ಹತ್ತು ಪ್ರಶ್ನೆಗಳನ್ನು ಹಿಂದಿನ ಸಂಜೆಯೇ ನಿಮ್ಮ ಮಗನಿಂದ ಓದಿಸಿಕೊಂಡು ಉರು ಹೊಡೆದು ಹೋಗುತ್ತಿದ್ದೆ. ಅವತ್ತು ಓದಿಸಿಕೊಳ್ಳದೆ ಹಾಗೇ ಹೋಗಿದ್ದೆ. ಮೊದಲ ಪ್ರಶ್ನೆಯಲ್ಲೇ ಎಡವಿದೆ. ಅವನು ನಗಲಿಲ್ಲ. ಬಹಳ ಮೆತ್ತಗೆ, ‘ಕೊಡಿ ಮೇಡಂ, ನಾನು ಓದ್ತೀನಿ. ನೀವು ಇವಳ ಹತ್ರ ಮಾತಾಡ್ತಾ ಇರಿ, ಪಾಪ ಯಾರೂ ಬರಲ್ಲ’ ಅಂದ. ಪೆನ್ನೂ ಅವನೇ ತೆಗೆದುಕೊಂಡ. ನನಗೆ ಎಷ್ಟು ಹಾಯೆನಿಸಿತು ಗೊತ್ತೇ! ಚಾಪೆಯ ಮೇಲೆ ಅವಳ ಪಕ್ಕ ಕೂತು ಮೊಬೈಲಿನಲ್ಲಿ ನಮ್ಮ ಮದುವೆಯ ಫೋಟೋ ತೋರಿಸಲು ಶುರು ಮಾಡಿದೆ. ಅವನು ಆ ಕಡೆ ಓದುತ್ತಿದ್ದ. ‘ಸುಮ್ಮಸುಮ್ಮನೆ ಅಳು ಬರುತ್ತಾ? ಇಲ್ಲ, ಅಲ್ವಾ.’ ಟಿಕ್. ‘ನಿದ್ದೆ? ಆಗುತ್ತೆ, ಅಲ್ವಾ.’ ಟಿಕ್. ‘ಯಾರ ಭಯಾನಾದ್ರೂ?’ ಅಂತ ಓದಿ ನನ್ನ ಕಡೆ ನೋಡಿ ನಕ್ಕ, ನಾನೂ ನಕ್ಕೆ. ಟಿಕ್. ಅವಳು ತಲೆ ಎತ್ತಲಿಲ್ಲ. ಫೋಟೋ ನೋಡುತ್ತಿದ್ದಳು. ಒಂದರಲ್ಲಿ ಫ್ಲ್ಯಾಶಿಗೆ ನನ್ನ ಕಣ್ಣು ಮುಚ್ಚಿಹೋಗಿದೆ, ನಿಮಗೂ ಗೊತ್ತು, ನಿಮ್ಮ ಭುಜಕ್ಕೆ ಒರಗಿದ್ದು. ‘ಇದರಲ್ಲಿ ನಿದ್ದೆ ಮಾಡ್ತಿರೋ ಹಾಗೆ ಕಾಣ್ತೀರಾ ಮೇಡಂ’ ಅಂದಳು. ಅದೊಂದನ್ನೇ ಬಹಳ ಹೊತ್ತು ನೋಡಿದಳು. ನನ್ನ ಸೌಂದರ್ಯ ನೋಡುತ್ತಿದ್ದಾಳೆ ಅಂದುಕೊಂಡೆ ನಾನು.

ಅವನು ಕೂಡಿಸಿ ಕೆಳಗೆ ಒಟ್ಟು ಬರೆದ, ಸೊನ್ನೆ. ಅದರ ಕೆಳಗೆ ನಾನು ಸಹಿ ಹಾಕಿದೆ, ಇಂಗ್ಲಿಷಿನಲ್ಲಿ, ಬಾಲ ಎಳೆದು. ‘ನಮ್ಮ ಹತ್ರಾನೂ ಒಂದಿರಲಿ ಮೇಡಂ’ ಅಂತ ಅದರ ಫೋಟೋ ಹೊಡೆದುಕೊಂಡ. ಎಷ್ಟು ಜೋಪಾನದ ಮನುಷ್ಯ ಅಂದುಕೊಂಡು ಮೆಟ್ಟಿಲಿಳಿದೆ.

ಸೊನ್ನೆ ಅಂತ ಫೈಲಕ್ಕನಿಗೂ ಖುಷಿ, ನನಗೂ ಖುಷಿ. ಹತ್ತು ದಾಟಿದರೆ ಡಾಕ್ಟರಿಗೆ ತೋರಿಸಬೇಕು ಅಂದ ಮೇಲೆ ಸೊನ್ನೆ ಅಂದರೆ ಮೊದಲನೇ ರ‍್ಯಾಂಕ್ ತಾನೇ? ರಾತ್ರಿ ನಿಮಗೆ ಫೋನು ಮಾಡಿ ಜಂಭ ಕೊಚ್ಚಿದೆ. ಮಗುವಿಗೆ ಎಷ್ಟು ದಿನ ಅಂತ ನೀವು ಕೇಳಿದಿರಿ. ಆಮೇಲೆ, ‘ಮೂರು ವಾರದ ಬಾಣಂತಿಗೆ ಸೊನ್ನೆನಾ? ನನಗೇ ಇವತ್ತು ಆರು ಬರುತ್ತೆ. ಮತ್ತೊಂದ್ಸಲ ಹೋಗು, ನಾಳೆನೇ ಹೋಗು’ ಅಂದಿರಿ. ನಾನು ನಾಳೆ ಹೋಗಲಿಲ್ಲ. ಇವರಿಗೆ ಎರಡು ದಿನ ರಜೆಯಿತ್ತು, ಪರದೆ ಬಟ್ಟೆ ತರಲು ಹೋದೆವು. ಐದನೇ ದಿನ ಹೋದೆ. ನೀವು ಕೇಳಿದಾಗ ‘ಹೋಗಿದ್ದೆ ಅತ್ತೆ, ಎಲ್ಲಾ ಆರಾಮ’ ಅಂದೆನಲ್ಲ, ಆ ಭೇಟಿಯ ಕಥೆ ಇದು. ಅವಳು ಕೆಳಗಿನ ನಲ್ಲಿಯಿಂದ ಕೊಡ ತುಂಬಿಕೊಂಡು ಮೆಟ್ಟಿಲಲ್ಲಿ ಸಿಕ್ಕಳು. ರವಿಕೆಯ ಒಂದು ಪಕ್ಕ ಒದ್ದೆಯಾಗಿತ್ತು, ಮುಖ ಕೆಂಪಾಗಿತ್ತು. ಮೇಲೆ ಬಾಗಿಲಲ್ಲಿ ಅವನು ಮಗು ಎತ್ತಿಕೊಂಡು ನಿಂತಿದ್ದ. ‘ಮೇಡಂ, ಇದು ಇಷ್ಟ ಇದ್ದೋರಿಗೆ ಮಾತ್ರ ಅಲ್ವಾ? ನಮಗೆ ಬೇಡ. ಚೆನ್ನಾಗೇ ಇದೀವಿ. ಪದೇ ಪದೇ ಜನ ಬಂದ್ರೆ ಮಗು ಟೈಮಿಂಗ್ ತಪ್ಪುತ್ತೆ’ ಅಂದ. ಅದೇ ಮರ್ಯಾದೆಯ ದನಿ. ಬೇಡ ಅಂದರೆ ವಾಪಸ್ ಬರಬೇಕು, ನಿಯಮ ಗೊತ್ತಿತ್ತು. ನಾನು ತಿರುಗಿದೆ. ಆಗ ಅವಳು ಕೊಡ ಕೆಳಗಿಟ್ಟು, ‘ಮೇಡಂ, ನಿಮ್ಮ ಮದುವೆ ಫೋಟೋ ಇನ್ನೊಂದ್ಸಲ ತೋರಿಸ್ತೀರಾ?’ ಅಂದಳು. ಮೊಬೈಲು ಮನೆಯಲ್ಲಿ ಚಾರ್ಜಿಗೆ ಹಾಕಿದ್ದೆ. ‘ಅಯ್ಯೋ, ತಂದಿಲ್ಲ ಕಣೇ! ಮುಂದಿನ ಸಲ ಖಂಡಿತ’ ಅಂದು ಅವಳ ಕೆನ್ನೆ ಹಿಂಡಿ ಇಳಿದುಬಿಟ್ಟೆ. ಬೀದಿಯುದ್ದಕ್ಕೂ ನನಗೆ ಹೆಮ್ಮೆ, ನಮ್ಮ ಫೋಟೋಗಳು ಅಷ್ಟು ಚೆನ್ನಾಗಿವೆ ಅಂತ. ಬೇಡ ಅಂದದ್ದು ಯಾರು, ಅವಳಾ ಅವನಾ ಅಂತ ನನಗೆ ಹೊಳೆಯಲೇ ಇಲ್ಲ. ಸಂಘಕ್ಕೆ ಹೋಗಿ ‘ಕುಟುಂಬಕ್ಕೆ ಅಗತ್ಯವಿಲ್ಲ’ ಅನ್ನುವ ಜಾಗದಲ್ಲಿ ಗುರುತು ಹಾಕಿ ಫೈಲು ಮುಚ್ಚಿದೆ.

ಅದಾಗಿ ಹನ್ನೊಂದು ದಿನಕ್ಕೆ ಅವಳು ಮಗುವನ್ನು ತೂಕದ ದಿನಕ್ಕೆ ಆರೋಗ್ಯ ಕೇಂದ್ರಕ್ಕೆ ಕರೆತಂದಳು. ಅವನು ಅವಳನ್ನು ಒಬ್ಬಳೇ ಬಿಡುತ್ತಿದ್ದುದು ಅದೊಂದಕ್ಕೇ, ಬಂದ ಕೂಡಲೇ ತೂಕದ ಚೀಟಿ ತೋರಿಸಬೇಕಿತ್ತು. ತೂಕ ಹಾಕುವ ಆಯಾ ಹೇಳಿದ್ದು ಇದು: ಮುಳ್ಳು ಹಿಂದಿನ ವಾರ ನಿಂತಿದ್ದಲ್ಲೇ ನಿಂತಿತು. ಒಂದು ಗ್ರಾಮೂ ಏರಿರಲಿಲ್ಲ. ‘ಇನ್ನೊಂದ್ಸಲ ನೋಡಿ’ ಅಂದಳಂತೆ. ಮತ್ತೆ ನೋಡಿದರು, ಅಷ್ಟೇ. ‘ಒಂದ್ನಿಮಿಷ ಬಂದೆ’ ಅಂತ ಮಗುವನ್ನು ತಕ್ಕಡಿಯ ತಟ್ಟೆಯಲ್ಲೇ ಬಿಟ್ಟು ಹೊರಗೆ ಹೋದಳು. ಬರಲಿಲ್ಲ. ಮೂರನೇ ದಿನ ಬಸ್ ಡಿಪೋದ ಹಿಂದೆ, ಕೆಟ್ಟು ನಿಂತ ಬಸ್ಸಿನ ಕೊನೆಯ ಸೀಟಿನಲ್ಲಿ ಸಿಕ್ಕಳು. ಜ್ವರದಲ್ಲಿ ಮೈ ಸುಡುತ್ತಿತ್ತು, ಒಂದು ಎದೆ ಕಲ್ಲಾಗಿ ಕೀವು ತುಂಬಿತ್ತು. ಗುಡಿಸುವವರು ಎಬ್ಬಿಸಿದರೆ ‘ಇನ್ನೂ ಎರಡು ಗಂಟೆ ಆಗಿಲ್ಲ’ ಅಂದಳಂತೆ.

ಮಗು ಈಗ ಶಿಶುಗೃಹದಲ್ಲಿದೆ. ಅದು ಯಾರ ಬಳಿ ಇರಬೇಕೆಂದು ಮಕ್ಕಳ ಸಮಿತಿ ತೀರ್ಮಾನಿಸುತ್ತದೆ. ಕಳೆದ ಸೋಮವಾರ ಮೊದಲ ವಿಚಾರಣೆ. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಗೋಡೆಯ ಹಾಳೆಗಳನ್ನೆಲ್ಲಾ ಬೈಂಡ್ ಮಾಡಿಸಿ ತಂದಿದ್ದ. ‘ನನ್ನ ಕಡೆಯಿಂದ ಏನು ಕಮ್ಮಿ ಮಾಡಿದೀನಿ ಹೇಳಿ. ಅವಳಿಗೆ ಕಷ್ಟ ಇತ್ತು ಅಂತ ಈಗ ಹೇಳ್ತಿದಾರೆ. ಇವರ ಸಂಘದವರೇ ಬಂದು ಪರೀಕ್ಷೆ ಮಾಡಿ ಬರ್ಕೊಟ್ಟಿದಾರೆ ನೋಡಿ, ಸೊನ್ನೆ. ಬೇಕು ಅಂತಲೇ ಬಿಟ್ಟು ಹೋದೋಳು’ ಅಂದ. ಅಧ್ಯಕ್ಷೆ ನನ್ನ ಫಾರಂ ಎತ್ತಿ ಹಿಡಿದು, ‘ಇದನ್ನ ನೀವೇ ಕೇಳಿ ತುಂಬಿದ್ದಾ?’ ಅಂತ ಕೇಳಿದರು. ಹೋಗುವ ಮೊದಲು ನಿಮ್ಮ ಮಗ, ‘ಸಹಿ ನಿನ್ನದೇ ತಾನೆ? ಹೌದು ಅನ್ನು, ಮುಗೀತು, ಇಲ್ಲದಿದ್ರೆ ನಿನ್ನ ಮೇಲೇ ಬರುತ್ತೆ’ ಅಂದಿದ್ದರು. ಫೈಲಕ್ಕ, ‘ಬೇರೆಯವರು ತುಂಬಿದ್ದು ಅಂತ ಗೊತ್ತಾದ್ರೆ ಸಂಘಕ್ಕೇ ಬೀಗ’ ಅಂದಿದ್ದರು. ಆದರೆ ನಾನು ಹೌದು ಅಂದದ್ದು ಅವರಿಬ್ಬರ ಮಾತು ಕೇಳಿ ಅಲ್ಲ ಅತ್ತೆ. ಅಷ್ಟು ಜನರೆದುರು, ಡಿಗ್ರಿ ಆದವಳು, ನನಗೆ ನಮ್ಮ ಭಾಷೆ ಸರಾಗವಾಗಿ ಓದಲು ಬರುವುದಿಲ್ಲ, ಅದಕ್ಕೇ ಅವನ ಕೈಗೆ ಕೊಟ್ಟೆ ಅಂತ ಹೇಳಬೇಕಿತ್ತು. ನಾಚಿಕೆಯಾಯಿತು. ‘ಹೌದು’ ಅಂದೆ. ಒಂದೇ ಮಾತು. ಅವರು ಬರೆದುಕೊಂಡರು. ಮುಂದಿನ ಸೋಮವಾರ ಕೊನೆಯ ತೀರ್ಮಾನ. ಮಗು ಅವನಿಗೇ ಹೋಗುತ್ತದೆ, ಇವಳು ಅವನ ಒಪ್ಪಿಗೆ ಪಡೆದು ನೋಡಬಹುದು, ಹಾಗಾಗುತ್ತದೆ ಅಂತ ಎಲ್ಲರೂ ಹೇಳುತ್ತಿದ್ದಾರೆ.

ಮಾರನೆಯ ದಿನ ಆಸ್ಪತ್ರೆಗೆ ಹೋದೆ. ಎದೆ ಕುಯ್ದು ಬ್ಯಾಂಡೇಜು ಹಾಕಿದ್ದಾರೆ. ಹಾಲು ನಿಲ್ಲಲು ಮಾತ್ರೆ ಕೊಡುತ್ತಿದ್ದಾರೆ. ಮಂಚದ ತುದಿಗೆ ತೂಗುಹಾಕಿದ್ದ ಜ್ವರದ ಚಾರ್ಟನ್ನು ತಿರುವಿ ಹಾಕಿದ್ದಳು. ನರ್ಸ್ ಸರಿ ಮಾಡಿ ಹೋದರೆ ಮತ್ತೆ ತಿರುವುತ್ತಾಳಂತೆ. ಮೂವತ್ತೆಂಟು ದಿನ ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಮಲಗಿರಲಿಲ್ಲ ಅತ್ತೆ. ಕೆಲಸಕ್ಕೆ ಹೋದರೂ ಎರಡು ಗಂಟೆಗೊಮ್ಮೆ ವಿಡಿಯೋ ಕಾಲ್ ಮಾಡುತ್ತಿದ್ದನಂತೆ, ಹಾಲು ಕುಡಿಸುವುದನ್ನು ತೋರಿಸಬೇಕು. ತಪ್ಪಿದರೆ ಹೊಡೆಯುತ್ತಿರಲಿಲ್ಲ. ಬಂದವನು ಅವಳನ್ನು ಬೆಳಗಿನವರೆಗೆ ಆ ಹಾಳೆಯ ಮುಂದೆ ನಿಲ್ಲಿಸುತ್ತಿದ್ದ. ಜ್ವರ ಅಂದರೆ ನಾಟಕ ಅನ್ನುತ್ತಿದ್ದ. ಇದನ್ನೆಲ್ಲಾ ಅವಳು ಸೀಲಿಂಗ್ ನೋಡುತ್ತಾ, ಯಾರದೋ ಮನೆಯ ವಿಷಯದ ಹಾಗೆ ಹೇಳಿದಳು. ನಾನು ಸಮಿತಿಯ ಮುಂದೆ ಹೌದು ಅಂದದ್ದನ್ನು ಹೇಳಿದೆ. ಬೈಯಲಿ ಅಂತ ಕಾದೆ. ‘ಗೊತ್ತಾಯ್ತು ಮೇಡಂ. ಅವತ್ತು ಅವರು ಓದ್ತಿದ್ದಾಗ ಒಂದ್ಸಲ ಬಾಯಿ ತೆಗೆದೆ. ನೀವು ಅಷ್ಟು ಖುಷಿಯಾಗಿದ್ರಿ. ಹಾಳು ಮಾಡೋದು ಬೇಡ ಅನ್ನಿಸ್ತು’ ಅಂದಳು. ನಾನು ಎದ್ದೆ. ಹೊರಡುವಾಗ, ‘ಪಾಪು ತೂಕ ಎಷ್ಟಾಯ್ತಂತೆ?’ ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ.

ಇಷ್ಟೇ ಅತ್ತೆ. ನೀವು ಕೋಪದಲ್ಲಿ ಈ ಹಾಳೆ ಮಡಚಿ ದಿಂಬಿನ ಕೆಳಗಿಟ್ಟು, ನಾದಿನಿಗೆ ಕಾಣದ ಹಾಗೆ ಮುಖ ಒರೆಸಿಕೊಳ್ಳುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಅವಳಿಗೆ ಹೇಳಬೇಡಿ, ಹಸಿ ಬಾಣಂತಿ. ಪಾಪುವಿನ ಎರಡೂ ಅಂಗಾಲಿಗೆ ನನ್ನ ಮುತ್ತು. ನಿಮ್ಮ ಅಳಿಯಂದಿರಿಗೆ ನಮಸ್ಕಾರ. ನಿಮ್ಮ ಮಂಡಿಯನ್ನು ಒತ್ತಿಕೊಡಲು ಬಿಡುತ್ತೀರಾದರೆ, ಬಂದ ಮೇಲೆ ಅಲ್ಲೇ ಕೂತು ಬೈಸಿಕೊಳ್ಳುತ್ತೇನೆ.

ನಿಮ್ಮ ಮನೆ ತುಂಬಿದ,
ಬಾಯಿಬಡುಕಿ ಸೊಸೆ

ಮರೆಯುವ ಮುಂಚೆ: ಇದನ್ನು ಶುಕ್ರವಾರ ಅಂಚೆ ಕಚೇರಿಯ ಕೌಂಟರಿನಲ್ಲಿ ನಿಂತು ಗೀಚುತ್ತಿದ್ದೇನೆ, ಹಿಂದೆ ಸರದಿ ಗೊಣಗುತ್ತಿದೆ. ಬೆಳಿಗ್ಗೆ ಸಮಿತಿ ಕಚೇರಿಗೆ ಹೋಗಿ, ಫಾರಂ ತುಂಬಿದ್ದು ಅವನು, ಓದಿದ್ದು ಅವನು, ಉತ್ತರ ಹೇಳಿದ್ದೂ ಅವನೇ, ನಾನು ಸುಳ್ಳು ಹೇಳಿದ್ದೆ ಅಂತ ಬರೆದುಕೊಟ್ಟೆ. ಸೋಮವಾರ ಅದನ್ನು ಅವನೆದುರಿಗೆ ಬಾಯಲ್ಲೂ ಹೇಳಬೇಕಂತೆ. ಅಷ್ಟಕ್ಕೇ ಮಗು ಅವಳಿಗೆ ಸಿಗುತ್ತದೆ ಅಂತಿಲ್ಲ, ಬಿಟ್ಟು ಹೋದದ್ದು ಹೋದದ್ದೇ ಅಂದರು. ನಿಮ್ಮ ಮಗನಿಗೆ ಇನ್ನೂ ಗೊತ್ತಿಲ್ಲ, ಇವತ್ತು ಸಂಜೆ ಹೇಳುತ್ತೇನೆ. ಫೈಲಕ್ಕನಿಗೆ ಗೊತ್ತಾಗಿದೆ. ಎಲ್ಲಾ ಫಾರಂ ಮರುಪರಿಶೀಲನೆ ಮುಗಿಯುವವರೆಗೆ ಸಂಘದಿಂದ ಯಾರೂ ಯಾರ ಮನೆಗೂ ಹೋಗುವಂತಿಲ್ಲ, ನಿಮ್ಮ ಉಳಿದ ಎಂಟು ಮನೆಗೂ. ನಿಮ್ಮ ಹದಿನಾರು ವರ್ಷಕ್ಕೆ ನಾನು ಮಾಡಿದ್ದು ಇದು. ಎರಡನೇ ಮನೆಯವಳಿಗೆ ಈ ವಾರ ದಿನ ತುಂಬುತ್ತದೆ, ಐದನೇ ಮನೆಯವಳದು ಹತ್ತು ದಿನದ ಕೂಸು. ನಂಬರುಗಳು ಈ ಹಾಳೆಯ ಹಿಂಬದಿಯಲ್ಲಿವೆ. ನೀವು ಅಲ್ಲಿಂದಲೇ ಫೋನು ಮಾಡಿ ಅತ್ತೆ. ಬೇರೆ ಯಾರಾದರೂ ಎತ್ತಿ ‘ಆರಾಮಾಗಿದಾಳೆ’ ಅಂದರೆ ಸರಿ ಅಂತ ಇಟ್ಟುಬಿಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿ. ಅವಳೇ ಎತ್ತುವವರೆಗೂ ಮಾಡಿ.